ಅಳಿವೆಗೆ ಬಿಟ್ಟುಕೊಟ್ಟ ಹೊಲ

ಕಡಲನ್ನು ಹಿಂದಕ್ಕೆ ನೂಕಿ ನೆಲವನ್ನು ಸಂಪಾದಿಸಿದ ಜನವೆಂದು ಲೋಕದಲ್ಲಿ ಹೆಸರಾದವರು ಡಚ್ಚರು. ಅಂಥವರ ಸರಕಾರವೇ 2022ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ದೇಶದ ನೈರುತ್ಯ ಮೂಲೆಯಲ್ಲಿ ಶೆಲ್ಟ್ ನದಿಯ ಅಳಿವೆಯ ದಂಡೆಗಿದ್ದ ಒಡ್ಡನ್ನು ಅಗೆಯಿಸಿ, ನೂರು ವರ್ಷಕ್ಕೂ ಮಿಕ್ಕಿ ಉತ್ತು ಬಿತ್ತಿದ್ದ ಹೊಲಗಳೊಳಕ್ಕೆ ಉಪ್ಪುನೀರನ್ನು ಬಿಟ್ಟಿತು. ಶತ್ರುವಿನ ದಾಳಿಯಿಂದಾಗಲಿ ಪ್ರಕೃತಿಯ ಕೋಪದಿಂದಾಗಲಿ ನಡೆದ ಕೆಲಸವಲ್ಲವಿದು. ಒಪ್ಪಂದ, ಶಾಸನ, ನ್ಯಾಯಾಲಯದ ತೀರ್ಪು ಇವೆಲ್ಲವುಗಳ ಆಧಾರದಿಂದ, ಹದಿನೇಳು ವರ್ಷಗಳ ಜಗ್ಗಾಟದ ನಂತರ ನೆರವೇರಿದ ಕಾರ್ಯ. ಹೊಲವನ್ನು ನಿಸರ್ಗಕ್ಕೆ ಮರಳಿಸುವುದು ವಿವೇಕವೋ ಅವಿವೇಕವೋ ಎಂಬ ಪ್ರಶ್ನೆಯೊಂದು. ಮರಳಿಸುವುದಾದರೆ ಯಾರ ಹೊಲವನ್ನು, ಯಾವ ಕಾರಣಕ್ಕಾಗಿ, ಯಾವ ರೀತಿಯಲ್ಲಿ ಎಂಬ ಪ್ರಶ್ನೆ ಮತ್ತೊಂದು. ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡದೆ ಇದ್ದುದರಿಂದಲೇ ಅಲ್ಲಿ ಇಷ್ಟು ಕಾಲ ವ್ಯರ್ಥವಾಯಿತೆಂಬುದು ನಮ್ಮ ಅಭಿಪ್ರಾಯ. ಕಡಲಕರೆಯುಳ್ಳ ನಮ್ಮ ನಾಡಿಗೂ ಇದರಲ್ಲಿ ಪಾಠವಿರುವುದರಿಂದ, ವಾಚಕರ ಮುಂದೆ ವಿಷಯವನ್ನು ವಿವರವಾಗಿ ಇಡುವುದು ಅನುಚಿತವಾಗಲಾರದು.

ಮೊದಲು ಆ ನೆಲದ ಪರಿಚಯವನ್ನು ಮಾಡಿಕೊಳ್ಳಬೇಕು. ಶೆಲ್ಟ್ ನದಿಯು ಫ್ರಾನ್ಸಿನಲ್ಲಿ ಹುಟ್ಟಿ, ಬೆಲ್ಜಿಯಂ ದೇಶದಲ್ಲಿ ಹರಿದು, ಆಂಟ್‌ವರ್ಪ್ ನಗರವನ್ನು ದಾಟಿದ ಮೇಲೆ ನೆದರ್ಲೆಂಡ್ಸಿನ ಜೀಲ್ಯಾಂಡ್ ಪ್ರಾಂತದಲ್ಲಿ ವಿಸ್ತಾರವಾದ ಅಳಿವೆಯಾಗಿ ಕಡಲನ್ನು ಸೇರುತ್ತದೆ. ಎಂದರೆ ರೇವುಪಟ್ಟಣವು ಒಂದು ದೇಶದ್ದು, ಆ ರೇವಿಗೆ ಹೋಗುವ ನೀರಿನ ದಾರಿಯು ಇನ್ನೊಂದು ದೇಶದ್ದು. ಈ ಒಂದು ಸಂಗತಿಯಿಂದ ಹುಟ್ಟಿದ ತಂಟೆಗಳಿಗೆ ನಾಲ್ಕು ಶತಮಾನಗಳ ಇತಿಹಾಸವಿದೆ. 1585ರಲ್ಲಿ ಆಂಟ್‌ವರ್ಪ್ ನಗರವು ಸ್ಪೇನಿನ ಸೇನೆಯ ವಶವಾದ ಮೇಲೆ ಡಚ್ಚರು ನದಿಯ ಬಾಯನ್ನು ಹಡಗುಗಳಿಗೆ ಮುಚ್ಚಿದರು. 1648ರ ಮುನ್ಸ್ಟರ್ ಒಪ್ಪಂದವು ಆ ತಡೆಯನ್ನು ಊರ್ಜಿತಗೊಳಿಸಿತು. ಸುಮಾರು ಇನ್ನೂರು ವರ್ಷಗಳ ಕಾಲ ಆಂಟ್‌ವರ್ಪಿನ ವ್ಯಾಪಾರವು ಸೊರಗಿಹೋಯಿತು. ಬೆಲ್ಜಿಯಂ ಬೇರೆ ರಾಜ್ಯವಾದ ಬಳಿಕ 1839ರ ಒಪ್ಪಂದದಿಂದ ಹಡಗುಗಳ ಸಂಚಾರಕ್ಕೆ ಹಕ್ಕು ದೊರೆಯಿತಾದರೂ ಸುಂಕವು ಉಳಿಯಿತು. ಆ ಸುಂಕವನ್ನು 1863ರಲ್ಲಿ ಹಣಕೊಟ್ಟು ಬಿಡಿಸಿಕೊಳ್ಳಬೇಕಾಯಿತು. ಇಂದು ಆಂಟ್‌ವರ್ಪ್ ಯೂರೋಪಿನ ಎರಡನೆಯ ದೊಡ್ಡ ರೇವು. ಹಳೆಯ ಕಥೆಯನ್ನು ಇಲ್ಲಿ ನೆನೆಯುವ ಕಾರಣವೇನೆಂದರೆ, ಈ ನದಿಯ ವಿಷಯದಲ್ಲಿ ಆಡಿದ ಮಾತಿಗೆ ತಪ್ಪಿದರೆಂಬ ಗುಮಾನಿಯು ಎರಡು ಕಡೆಗಳಲ್ಲಿಯೂ ಬಹು ಬೇಗ ತಲೆಯೆತ್ತುತ್ತದೆ.

ನಾವು ಹೇಳುತ್ತಿರುವ ಹೊಲದ ಹೆಸರು ಹೆಡ್ವಿಗೆ ಪೋಲ್ಡರ್. ಕಡಲಿನಿಂದಾಗಲಿ ಅಳಿವೆಯಿಂದಾಗಲಿ ಒಡ್ಡು ಕಟ್ಟಿ ಪಡೆದ ತಗ್ಗು ನೆಲಕ್ಕೆ ಡಚ್ಚರು ಪೋಲ್ಡರ್ ಎನ್ನುತ್ತಾರೆ. 1907ರಲ್ಲಿ ಒಡ್ಡು ಕಟ್ಟಿ ಸಾಗುವಳಿಗೆ ತಂದ ಈ ನೆಲದ ವಿಸ್ತಾರವು ಸುಮಾರು 300 ಹೆಕ್ಟೇರ್, ಅಂದರೆ 740 ಎಕರೆಯಷ್ಟು. ಆ ಸೀಮೆಯ ಭೂಮಾಲೀಕರಾಗಿದ್ದ ಆರೆನ್‌ಬರ್ಗ್ ಡ್ಯೂಕರ ಮನೆತನದ ರಾಣಿಯ ಹೆಸರನ್ನು ಅದಕ್ಕೆ ಇಟ್ಟರು. ಗಡಿಯ ಆಚೆ, ಬೆಲ್ಜಿಯಂ ಭಾಗದಲ್ಲಿ, ಅದೇ ಮನೆತನದವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮಾಡಿಸಿದ ಪ್ರಾಸ್ಪರ್ ಪೋಲ್ಡರ್ ಇದೆ. ಇವೆರಡರಿಂದ ಕೂಡಿ ಸುಮಾರು 465 ಹೆಕ್ಟೇರ್ ನೆಲವನ್ನು ಈಗ ಅಳಿವೆಗೆ ಬಿಡಲಾಗಿದೆ. ಇದರ ಪಕ್ಕದಲ್ಲಿಯೇ ಸಾಫ್ಟಿಂಗೆ ಎಂಬ ಮುಳುಗಿದ ಸೀಮೆಯುಂಟು. ಒಂದು ಕಾಲಕ್ಕೆ ಊರು, ಕೋಟೆ, ಬೆಳೆಯುವ ಹೊಲ ಎಲ್ಲವೂ ಇದ್ದ ಸ್ಥಳವದು. 1570ರ ಮಹಾಪ್ರವಾಹವು ಅದರ ಬಹುಭಾಗವನ್ನು ನುಂಗಿತು. 1584ರಲ್ಲಿ ಸ್ಪೇನಿನ ಸೇನೆಯನ್ನು ತಡೆಯುವುದಕ್ಕಾಗಿ ಉಳಿದ ಒಡ್ಡುಗಳನ್ನೂ ಬೇಕೆಂದೇ ಒಡೆದರು. ಅಂದು ಮುಳುಗಿದ ನೆಲವು ಇಂದು ಸುಮಾರು 3,500 ಹೆಕ್ಟೇರ್ ಹರವಿನ ಜೌಗು. ಹಕ್ಕಿಗಳಿಗೆ ಆಶ್ರಯವಾದ ಸಂರಕ್ಷಿತ ಪ್ರದೇಶ.

ಇಲ್ಲಿ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ಒಡ್ಡಿಲ್ಲದೆ ಬಿಟ್ಟ ಸಾಫ್ಟಿಂಗೆಯ ನೆಲವು ಇಂದು ಒಡ್ಡಿನ ಒಳಗೆ ರಕ್ಷಿಸಿಕೊಂಡ ಹಳೆಯ ಪೋಲ್ಡರುಗಳ ನೆಲಕ್ಕಿಂತ ಎತ್ತರವಾಗಿದೆ. ಇದು ಹೇಗೆ? ಉಬ್ಬರದ ನೀರು ದಿನಕ್ಕೆ ಎರಡು ಸಲ ಹೂಳನ್ನು ಹೊತ್ತು ತರುತ್ತದೆ; ಗಿಡಗಂಟಿಗಳ ನಡುವೆ ಅದರ ವೇಗವು ಕುಗ್ಗಿ ಹೂಳು ಅಲ್ಲಿಯೇ ತಂಗುತ್ತದೆ; ಹೀಗೆ ವರ್ಷಕ್ಕೆ ಇಷ್ಟಿಷ್ಟರಂತೆ ನೆಲವು ಏರುತ್ತದೆ. ಒಡ್ಡಿನ ಒಳಗಿನ ನೆಲಕ್ಕೆ ಈ ಹೂಳಿನ ಭಾಗ್ಯವಿಲ್ಲ. ಅಲ್ಲಿಯ ನೀರನ್ನು ಬಸಿದು ಹೊರಗೆ ಹಾಕುವುದರಿಂದ ಮಣ್ಣು ಒಣಗಿ ಕುಸಿಯುತ್ತದೆ. ಹೊರಗೆ ಕಡಲು ಏರುತ್ತಿದೆ, ಜೌಗೂ ಏರುತ್ತಿದೆ, ಒಳಗಿನ ಹೊಲ ಮಾತ್ರ ಇಳಿಯುತ್ತಿದೆ. ಆದುದರಿಂದ ಪ್ರತಿ ತಲೆಮಾರಿನಲ್ಲಿಯೂ ಒಡ್ಡನ್ನು ಇನ್ನಷ್ಟು ಎತ್ತರಿಸಲೇಬೇಕು. ಒಡ್ಡು ಎತ್ತರವಾದಷ್ಟೂ ಅದು ಒಡೆದ ದಿನದ ಅನಾಹುತವು ದೊಡ್ಡದು. ಮನುಷ್ಯನು ನೆಲವನ್ನು ಗೆದ್ದುಕೊಂಡನೆಂದು ಹೇಳುವುದು ಸುಲಭ; ಆ ಗೆಲುವಿಗೆ ಕಟ್ಟಬೇಕಾದ ಕಂದಾಯವು ಮೊಮ್ಮಕ್ಕಳ ಕಾಲದಲ್ಲಿ ಬರುತ್ತದೆ.

ಇದಕ್ಕೆ ಹಡಗುಗಳ ಸಮಸ್ಯೆಯೂ ಸೇರಿತು. ಹಡಗುಗಳು ದೊಡ್ಡವಾಗುತ್ತ ಬಂದಂತೆ ಆಂಟ್‌ವರ್ಪಿಗೆ ಹೋಗುವ ದಾರಿಯನ್ನು ಮೇಲಿಂದ ಮೇಲೆ ಆಳ ಮಾಡಬೇಕಾಯಿತು. 1970ರ ದಶಕದಲ್ಲಿ ಒಮ್ಮೆ, 1997-98ರಲ್ಲಿ ಮತ್ತೊಮ್ಮೆ, 2010ರಲ್ಲಿ ಮೂರನೆಯ ಬಾರಿ ಅಳಿವೆಯ ತಳವನ್ನು ಅಗೆದರು. ಕಾಲುವೆಯು ಆಳವಾದಷ್ಟೂ ಉಬ್ಬರದ ಅಲೆಯು ಅಡ್ಡಿಯಿಲ್ಲದೆ ಒಳನುಗ್ಗುತ್ತದೆ; ಅತ್ತಿತ್ತ ಹರಡುವುದಕ್ಕೆ ತಗ್ಗು ನೆಲವಿಲ್ಲದೆ ಎರಡೂ ಕಡೆ ಒಡ್ಡುಗಳಿರುವುದರಿಂದ ಅದು ಮೇಲಕ್ಕೇ ಏರುತ್ತದೆ. ಆಂಟ್‌ವರ್ಪಿನ ಹತ್ತಿರ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರವು ಈಗ ಐದು ಮೀಟರಿಗೂ ಹೆಚ್ಚು. ನೀರಿನ ಸೆಳವು ಹೆಚ್ಚಿ ಕೆಸರು ದಿಬ್ಬಗಳೂ ಆಳವಿಲ್ಲದ ಹರಹುಗಳೂ ಸವೆದುಹೋಗುತ್ತವೆ. ಆ ಕೆಸರು ದಿಬ್ಬಗಳನ್ನು ನಿರುಪಯುಕ್ತವೆಂದು ಭಾವಿಸುವವರುಂಟು. ಹುಳು, ಚಿಪ್ಪುಜೀವಿ, ಮೀನಿನ ಮರಿ ಇವುಗಳೆಲ್ಲ ಬೆಳೆಯುವ ಸ್ಥಳವು ಅದೇ. ಸಾವಿರಾರು ಮೈಲಿ ಹಾರುವ ಹಕ್ಕಿಗಳು ದಾರಿಯಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುವ ಛತ್ರವೂ ಅದೇ. ಯೂರೋಪಿನ ರಾಜ್ಯಗಳು 1979ರಲ್ಲಿ ಹಕ್ಕಿಗಳ ರಕ್ಷಣೆಗೂ 1992ರಲ್ಲಿ ಅವುಗಳ ಮತ್ತು ಇತರ ಜೀವಿಗಳ ನೆಲೆಗಳ ರಕ್ಷಣೆಗೂ ಒಟ್ಟಾಗಿ ನಿಯಮಗಳನ್ನು ಮಾಡಿಕೊಂಡುವು. ಆ ನಿಯಮಗಳ ಪ್ರಕಾರ, ಸಂರಕ್ಷಿತ ನೆಲೆಗೆ ಹಾನಿಯಾಗುವ ಕಾರ್ಯವನ್ನು ಅನಿವಾರ್ಯವಾಗಿ ಮಾಡಬೇಕಾದರೆ ಅದಕ್ಕೆ ತಕ್ಕ ಪರಿಹಾರವನ್ನು ನಿಸರ್ಗಕ್ಕೆ ಕೊಡಲೇಬೇಕು. ಹದಗೆಟ್ಟ ನೆಲೆಯನ್ನು ಸುಸ್ಥಿತಿಗೆ ತರುವ ಹೊಣೆಯೂ ಸರಕಾರದ್ದೇ.

ಈ ಹಿನ್ನೆಲೆಯಲ್ಲಿ 2005ನೆಯ ಇಸವಿಯ ಡಿಸೆಂಬರ್ 21ರಂದು ನೆದರ್ಲೆಂಡ್ಸ್ ಸರಕಾರವೂ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸರಕಾರವೂ ಒಪ್ಪಂದಗಳಿಗೆ ರುಜು ಹಾಕಿದುವು. 13.1 ಮೀಟರ್ ನೀರಿನಾಳ ಬೇಡುವ ಹಡಗುಗಳು ಉಬ್ಬರವನ್ನು ಕಾಯದೆ ಆಂಟ್‌ವರ್ಪಿಗೆ ಹೋಗುವಂತೆ ದಾರಿಯನ್ನು ಆಳ ಮಾಡುವುದು; ಪ್ರವಾಹದಿಂದ ರಕ್ಷಣೆಯನ್ನು ಬಲಪಡಿಸುವುದು; ಅಳಿವೆಯ ನಿಸರ್ಗವನ್ನು ಚೇತರಿಸಿಕೊಳ್ಳುವಂತೆ ಮಾಡುವುದು—ಈ ಮೂರು ಉದ್ದೇಶಗಳನ್ನೂ ಒಂದೇ ಸೂತ್ರದಲ್ಲಿ ಪೋಣಿಸಲಾಯಿತು. ಅಳಿವೆಗೆ ಕನಿಷ್ಠ 600 ಹೆಕ್ಟೇರ್ ನೆಲವನ್ನು ಮರಳಿಸುವುದಾಗಿ ಡಚ್ಚರು ಒಪ್ಪಿಕೊಂಡರು. ಅದರಲ್ಲಿ ಅರ್ಧದಷ್ಟು ಹೆಡ್ವಿಗೆ ಪೋಲ್ಡರಿನಿಂದ ಬರತಕ್ಕದ್ದೆಂದು ಹೆಸರು ಹಿಡಿದೇ ಬರೆದರು. ಕಾಗದದ ಮೇಲೆ ಇದು ನ್ಯಾಯಬದ್ಧವಾದ ಏರ್ಪಾಡೇ ಸರಿ. ಆದರೆ ಕಾಗದದಿಂದ ಹೊಲಕ್ಕೆ ಇಳಿಯುವಾಗ ಕಷ್ಟವು ಆರಂಭವಾಯಿತು.

ಜೀಲ್ಯಾಂಡಿನ ಜನರು ಎದ್ದು ನಿಂತರು. ಅವರ ಮಾತನ್ನು ಹಳ್ಳಿಗರ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. 1953ನೆಯ ಇಸವಿಯ ಫೆಬ್ರವರಿ 1ರ ರಾತ್ರಿ ಉತ್ತರ ಸಮುದ್ರವು ಒಡ್ಡುಗಳನ್ನು ಒಡೆದು ನುಗ್ಗಿದಾಗ ನೆದರ್ಲೆಂಡ್ಸಿನಲ್ಲಿ 1,836 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಜೀಲ್ಯಾಂಡಿನವರು ಮತ್ತು ಅದರ ನೆರೆಯ ದ್ವೀಪಗಳವರು. ಆ ಬಳಿಕ ದೇಶವು ನದಿಗಳ ಬಾಯಿಗಳಿಗೆ ಮಹತ್ತಾದ ಅಡ್ಡಗಟ್ಟೆಗಳನ್ನು ಕಟ್ಟಿತು. ಪೂರ್ವ ಶೆಲ್ಟಿನ ತಡೆಗೋಡೆಯು 1986ರಲ್ಲಿ ಮುಗಿಯಿತು. ಪಶ್ಚಿಮ ಶೆಲ್ಟನ್ನು ಮಾತ್ರ ಆಂಟ್‌ವರ್ಪಿನ ಹಡಗುಗಳಿಗಾಗಿ ತೆರೆದೇ ಇಟ್ಟರು. ಅಲ್ಲಿ ಒಡ್ಡುಗಳನ್ನೇ ನಂಬಬೇಕು. ಸೆಣಸುತ್ತೇನೆ, ಮೇಲೇಳುತ್ತೇನೆ ಎಂಬ ಅರ್ಥದ ಲ್ಯಾಟಿನ್ ಮಾತನ್ನು ತಮ್ಮ ಲಾಂಛನದಲ್ಲಿಯೇ ಬರೆದುಕೊಂಡ ಜನರು ಅವರು. ತಂದೆತಾಯಿಗಳನ್ನು ನೀರಿಗೆ ಬಲಿಕೊಟ್ಟವರ ಮುಂದೆ, ಒಡ್ಡನ್ನು ನಾವೇ ಒಡೆಯೋಣ ಎಂದರೆ ಅವರ ಮನಸ್ಸಿಗೆ ಏನಾಗಬೇಡ? ಅದರ ಮೇಲೆ, ಲಾಭವು ಬೆಲ್ಜಿಯಮ್ಮಿನ ರೇವಿಗೆ, ನಷ್ಟವು ತಮ್ಮ ಹೊಲಕ್ಕೆ ಎಂಬ ಭಾವನೆಯೂ ಸೇರಿತು. ಒಳ್ಳೆಯ ಜೇಡಿಮಣ್ಣಿನ ಹೊಲವನ್ನು ಹಕ್ಕಿಗೆಂದು ಹಾಳುಗೆಡಹುವುದು ಅನ್ನಕ್ಕೆ ಮಾಡುವ ಅಪಚಾರವೆಂದು ರೈತನು ಹೇಳಿದನು. ಈ ಮೂರು ಆಕ್ಷೇಪಗಳಲ್ಲಿ ಒಂದೊಂದಕ್ಕೂ ಉತ್ತರವಿದ್ದಿತು. ಆದರೆ ಉತ್ತರವನ್ನು ಹೇಳಬೇಕಾದವರು ಹೇಳಬೇಕಾದ ಕಾಲಕ್ಕೆ ನೇರವಾಗಿ ಹೇಳಲಿಲ್ಲ.

ಅವರು ಏನು ಮಾಡಿದರು? ಜನರ ಕೂಗನ್ನು ಕೇಳಿದ ಮಂತ್ರಿಮಂಡಲವು 2009ರ ಏಪ್ರಿಲಿನಲ್ಲಿ ಪೋಲ್ಡರನ್ನು ಬಿಟ್ಟು ಬೇರೆ ಮಾರ್ಗವನ್ನು ಹಿಡಿಯುವುದಾಗಿ ಸಾರಿತು. ಅದೇ ವರ್ಷದ ಜುಲೈಯಲ್ಲಿ ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಪೀಠವಾದ ರಾಜ್ಯ ಪರಿಷತ್ತು, ನಿಸರ್ಗಕ್ಕೆ ಹಾನಿಯಾಗದೆಂಬುದು ಖಚಿತವಿಲ್ಲವೆಂದು, ನದಿಯನ್ನು ಆಳ ಮಾಡುವ ಕೆಲಸಕ್ಕೆ ತಾತ್ಕಾಲಿಕ ತಡೆಯನ್ನು ಹಾಕಿತು. ಬೆಲ್ಜಿಯಮ್ಮಿನಲ್ಲಿ ಕೋಪವು ಭುಗಿಲೆದ್ದಿತು. ಹಳೆಯ ಗುಮಾನಿಗಳೆಲ್ಲ ಮರಳಿ ಎಚ್ಚರಗೊಂಡುವು. ಅಕ್ಟೋಬರಿನಲ್ಲಿ ಅದೇ ಮಂತ್ರಿಮಂಡಲವು ಮಾತನ್ನು ಹೊರಳಿಸಿ ಪೋಲ್ಡರನ್ನು ಬಿಡುವೆನೆಂದಿತು. ಮರುವರ್ಷ ಬಂದ ಹೊಸ ಮಂತ್ರಿಮಂಡಲವು ಮತ್ತೆ ಬದಲಿ ಮಾರ್ಗಗಳನ್ನು ಹುಡುಕಹೊರಟಿತು. ಅದು ಸೂಚಿಸಿದ ಮಾರ್ಗಗಳು ಫ್ಲಾಂಡರ್ಸಿಗೂ ಒಪ್ಪಿಗೆಯಾಗಲಿಲ್ಲ, ಯೂರೋಪಿನ ಆಯೋಗಕ್ಕೂ ಸಮಾಧಾನವನ್ನು ತರಲಿಲ್ಲ. ಕೊನೆಗೆ 2012ರ ಡಿಸೆಂಬರಿನಲ್ಲಿ, ಚುನಾವಣೆಯಾದ ಮೇಲೆ ಬಂದ ಮತ್ತೊಂದು ಮಂತ್ರಿಮಂಡಲವು ಒಪ್ಪಂದವನ್ನು ನಡೆಸಿಕೊಡುವುದೇ ಸರಿಯೆಂದು ತೀರ್ಮಾನಿಸಿತು. 2014ರ ನವೆಂಬರಿನಲ್ಲಿ ರಾಜ್ಯ ಪರಿಷತ್ತು ಯೋಜನೆಯನ್ನು ಎತ್ತಿಹಿಡಿಯಿತು. ಭೂಸ್ವಾಧೀನದ ವ್ಯಾಜ್ಯವು ಮತ್ತೆ ಕೆಲವು ವರ್ಷಗಳನ್ನು ನುಂಗಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ನಮ್ಮ ನಾಡಿನ ಗಾದೆ. ಸರಕಾರಕ್ಕೆ ಇದು ವ್ಯಕ್ತಿಗಿಂತಲೂ ಹೆಚ್ಚಾಗಿ ಅನ್ವಯಿಸುತ್ತದೆ. ಈ ಜಗ್ಗಾಟದ ಏಳು ವರ್ಷಗಳಲ್ಲಿ ಯಾರಿಗೆ ಪ್ರಯೋಜನವಾಯಿತೆಂಬುದನ್ನು ವಿಚಾರಿಸಿ ನೋಡಿದರೆ, ಯಾರಿಗೂ ಆಗಲಿಲ್ಲವೆಂದೇ ಹೇಳಬೇಕಾಗುತ್ತದೆ. ಹೊಲವು ಉಳಿಯುವುದೆಂದು ಒಮ್ಮೆ, ಹೋಗುವುದೆಂದು ಒಮ್ಮೆ ಕೇಳುತ್ತಿದ್ದ ರೈತನು ಬಾವಿ ತೋಡಲಾರ, ಕೊಟ್ಟಿಗೆ ಕಟ್ಟಲಾರ, ಬೇರೆ ಕಡೆ ಹೊಲ ಕೊಳ್ಳಲಾರ. ನಿರ್ಧಾರವು ಕಠಿಣವಾಗಿದ್ದರೂ ಸ್ಥಿರವಾಗಿದ್ದರೆ ಮನುಷ್ಯನು ಅದಕ್ಕೆ ಹೊಂದಿಕೊಂಡಾನು. ದಿನಕ್ಕೊಂದು ಬಣ್ಣ ತಾಳುವ ನಿರ್ಧಾರವು ಅವನನ್ನು ನಿಂತಲ್ಲಿಯೇ ಸವೆಯಿಸುತ್ತದೆ. ಜನರ ಮೇಲಿನ ಕರುಣೆಯಿಂದಲೇ ಮಂತ್ರಿಗಳು ತಡಮಾಡಿದರೆಂದು ಸಮರ್ಥಿಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಕರುಣೆಯಿದ್ದಿದ್ದರೆ 2005ರಲ್ಲಿ ರುಜು ಹಾಕುವ ಮೊದಲೇ ಆ ಊರುಗಳಿಗೆ ಹೋಗಿ ಕುಳಿತು ಮಾತನಾಡಬಹುದಾಗಿತ್ತು. ರುಜು ಹಾಕಿದ ಮೇಲೆ ಮತದ ಭಯದಿಂದ ತೋರಿದ ಅಳುಕನ್ನು ಕರುಣೆಯೆಂದು ಕರೆಯುವುದು ಪದಕ್ಕೆ ಮಾಡುವ ಅನ್ಯಾಯ.

ಹಾಗಾದರೆ ಜೀಲ್ಯಾಂಡಿನವರ ಆಕ್ಷೇಪಗಳು ಎಷ್ಟರಮಟ್ಟಿಗೆ ನಿಲ್ಲುತ್ತವೆ? ಮೊದಲನೆಯದು ಭದ್ರತೆಯ ವಿಷಯ. ಹೊರಗಿನ ಒಡ್ಡನ್ನು ಒಡೆಯುವ ಮೊದಲು ಒಳಗಡೆಗೆ ಹೊಸ ಒಡ್ಡನ್ನು, ಹಳೆಯದಕ್ಕಿಂತ ಬಲವಾಗಿ ಕಟ್ಟಲಾಯಿತು. ಹೊಸ ಒಡ್ಡಿನ ಮುಂದೆ ಬೆಳೆಯುವ ಜೌಗು ಅಲೆಗಳ ಹೊಡೆತವನ್ನು ಮೊದಲೇ ತಗ್ಗಿಸುತ್ತದೆ. ಬಿರುಗಾಳಿಯ ದಿನ ಏರಿಬರುವ ನೀರಿಗೆ ಹರಡಿಕೊಳ್ಳುವುದಕ್ಕೆ ಸ್ಥಳವು ಸಿಕ್ಕುತ್ತದೆ. ಆದುದರಿಂದ ಭದ್ರತೆಯು ಕುಂದಿತೆಂಬ ವಾದವು ನಿಲ್ಲಲಾರದು. ಹಳೆಯ ಒಡ್ಡುಗಳನ್ನು ತೆಗೆಯುವ ಮುನ್ನ ಪರಿಣತರು ಅವುಗಳ ಮೇಲೆ ನೀರು ಹರಿಸಿ, ಬೇಕೆಂದೇ ದುರ್ಬಲಗೊಳಿಸಿ, ಒಡ್ಡು ಹೇಗೆ ಸೋಲುತ್ತದೆಂಬುದನ್ನು ಪರೀಕ್ಷಿಸಿದರೆಂಬುದು ಸ್ಮರಣೀಯ. ಬಿಟ್ಟುಕೊಡುವ ಒಡ್ಡಿನಿಂದಲೂ ಉಳಿದ ಒಡ್ಡುಗಳಿಗಾಗಿ ಪಾಠ ಕಲಿತ ಬುದ್ಧಿವಂತಿಕೆಯನ್ನು ಮೆಚ್ಚಬೇಕು. ಎರಡನೆಯದು ಅನ್ನದ ವಿಷಯ. 740 ಎಕರೆ ಫಲವತ್ತಾದ ಭೂಮಿಯು ಸಣ್ಣದಲ್ಲ. ಆದರೂ ರೇವಿನ ವಿಸ್ತರಣೆಗೆ, ರಸ್ತೆಗೆ, ಕಾರಖಾನೆಗೆ ಹೊಲವನ್ನು ಕೊಡುವಾಗ ಅನ್ನದ ಮಾತನ್ನೆತ್ತದವರು ಹಕ್ಕಿಯ ಹೆಸರು ಬಂದೊಡನೆ ಅದನ್ನು ಎತ್ತುವುದು ಪೂರ್ಣ ಪ್ರಾಮಾಣಿಕತೆಯಲ್ಲ. ಮೀನಿನ ಮರಿ ಬೆಳೆಯುವ ಜೌಗೂ ಅನ್ನದ ಮೂಲವೇ.

ಮೂರನೆಯ ಆಕ್ಷೇಪವು ನ್ಯಾಯದ್ದು; ಇದಕ್ಕೆ ಮಾತ್ರ ತೃಪ್ತಿಕರವಾದ ಉತ್ತರವು ಇಂದಿಗೂ ದೊರೆತಿಲ್ಲವೆಂಬುದು ನಮ್ಮ ಮತ. ಲಾಭವೊಬ್ಬರಿಗೆ, ತ್ಯಾಗವಿನ್ನೊಬ್ಬರಿಗೆ ಎಂಬಲ್ಲಿ ಬರಿಯ ಪರಿಹಾರಧನವು ಗಾಯವನ್ನು ಮಾಯಿಸದು. ಫ್ಲಾಂಡರ್ಸ್ ಸರಕಾರವು ತನ್ನ ರೈತರನ್ನೂ ಬಿಟ್ಟಿಲ್ಲವೆಂಬುದು ನಿಜ. 1976ರ ಪ್ರವಾಹದ ತರುವಾಯ 1977ರಲ್ಲಿ ಹೂಡಿದ ಸಿಗ್ಮಾ ಯೋಜನೆಯಲ್ಲಿ, ಕ್ರೈಬೆಕೆ ಎಂಬಲ್ಲಿ ಸುಮಾರು 600 ಹೆಕ್ಟೇರ್ ನೆಲವನ್ನು ನೆರೆನೀರಿಗೆ ತಾವು ಕೊಡುವುದಕ್ಕಾಗಿ ಬಿಡಿಸಿತು. ಪ್ರಾಸ್ಪರ್ ಪೋಲ್ಡರ್ ಕೂಡ ಬೆಲ್ಜಿಯಮ್ಮಿನ ನೆಲವೇ. ಈ ಸಂಗತಿಗಳನ್ನು ಜೀಲ್ಯಾಂಡಿನ ಹಳ್ಳಿಗಳಲ್ಲಿ ಮೊದಲೇ ತಿಳಿಯಹೇಳಿದ್ದರೆ, ಹೊರೆಯು ತಮ್ಮೊಬ್ಬರ ತಲೆಯ ಮೇಲೆ ಬಿದ್ದಿಲ್ಲವೆಂಬ ಅರಿವಾದರೂ ಉಂಟಾಗುತ್ತಿತ್ತು.

ಇದೇ ಬಗೆಯ ಕಾರ್ಯವು ಇಂಗ್ಲೆಂಡಿನಲ್ಲಿ ಕಡಮೆ ಗಲಾಟೆಯಿಂದ ನಡೆದ ಉದಾಹರಣೆಗಳೂ ಇವೆ. ಅಲ್ಲಿಯ ದಕ್ಷಿಣ ತೀರದ ಮೆಡ್ಮೆರಿ ಎಂಬಲ್ಲಿ ಹಳೆಯ ಕಲ್ಲುದಿಣ್ಣೆಯನ್ನು ಪ್ರತಿ ಚಳಿಗಾಲವೂ ದುರಸ್ತಿ ಮಾಡಬೇಕಾಗುತ್ತಿತ್ತು. 2008ರಲ್ಲಿ ಅದು ಒಡೆದು ಬಹಳ ನಷ್ಟವಾಯಿತು. ಆಗ ಸರಕಾರವು ಒಳಗಡೆಗೆ ಸುಮಾರು ಏಳು ಕಿಲೋಮೀಟರ್ ಉದ್ದದ ಹೊಸ ಒಡ್ಡನ್ನು ಕಟ್ಟಿಸಿ 2013ರಲ್ಲಿ ದಿಣ್ಣೆಯನ್ನು ಒಡೆಯಿಸಿತು. ಮುನ್ನೂರಕ್ಕೂ ಹೆಚ್ಚು ಮನೆಗಳಿಗೆ ಮೊದಲಿಗಿಂತ ಹೆಚ್ಚಿನ ರಕ್ಷಣೆಯು ದೊರೆಯಿತು, ಹೊಲವಿದ್ದಲ್ಲಿ ಪಕ್ಷಿಧಾಮವಾಯಿತು. ಸೋಮರ್‌ಸೆಟ್ ಸೀಮೆಯಲ್ಲಿ ಪ್ಯಾರೆಟ್ ನದಿಯ ಅಳಿವೆಯ ಪಕ್ಕದ ಸ್ಟಿಯರ್ಟ್ ಎಂಬಲ್ಲಿ 2014ರಲ್ಲಿ ಒಡ್ಡನ್ನು ಕಡಿದು ನಾನೂರು ಹೆಕ್ಟೇರಿಗೂ ಮೀರಿದ ಪ್ರದೇಶವನ್ನು ಜೌಗು ನೆಲೆಯಾಗಿ ಮಾಡಿದರು. ಆ ಉಪ್ಪುಹುಲ್ಲಿನ ಮೇಲೆ ಇಂದಿಗೂ ದನಕುರಿಗಳು ಮೇಯುತ್ತವೆ. ಹೊಲವು ಹೋದರೂ ಗೋಮಾಳವು ಉಳಿಯಿತು. ಈ ಎರಡು ಕಡೆಗಳಲ್ಲಿಯೂ ವಿರೋಧವೇ ಇರಲಿಲ್ಲವೆಂದಲ್ಲ. ಆದರೆ ಒಡ್ಡನ್ನು ಸರಿಸುವುದರಿಂದ ತಮ್ಮ ಮನೆಗೇ ಕ್ಷೇಮವೆಂಬುದು ಅಲ್ಲಿಯ ಜನರ ಕಣ್ಣಿಗೆ ಕಾಣುತ್ತಿತ್ತು. ಹೆಡ್ವಿಗೆಯಲ್ಲಿ ಮುಂದಿಟ್ಟ ಕಾರಣವು ದೂರದ ರೇವಿನದು, ಅದಕ್ಕಿಂತ ದೂರದ ಶಾಸನದ್ದು. ಮಾಡುವ ಕಾರ್ಯವೊಂದೇ ಆದರೂ, ಹೇಳುವ ಕಾರಣವು ಕೇಳುವವನ ಬಾಳಿಗೆ ಮುಟ್ಟದಿದ್ದರೆ ಅದು ಅಪ್ಪಣೆಯಾಗುತ್ತದೆಯೇ ಹೊರತು ಒಪ್ಪಂದವಾಗುವುದಿಲ್ಲ.

ಕಡೆಯ ಗಳಿಗೆಯಲ್ಲಿ ಇನ್ನೊಂದು ವಿಘ್ನವು ಬಂದಿತು. ಶೆಲ್ಟ್ ನದಿಯ ನೀರಿನಲ್ಲಿ ಪಿಫಾಸ್ ಎಂಬ, ಎಂದಿಗೂ ಕರಗಿ ಹೋಗದ ರಾಸಾಯನಿಕ ವಿಷಗಳು ಬೆರೆತಿರುವುದು 2021ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು. ಆಂಟ್‌ವರ್ಪಿನ ಬಳಿಯ ಕಾರಖಾನೆಯಿಂದ ನದಿಗೆ ಇಳಿದ ಮಲಿನವು ಹೂಳಿನೊಡನೆ ಪೋಲ್ಡರಿನಲ್ಲಿ ನೆಲೆಸುವುದೆಂದೂ, ಶುದ್ಧವಾದ ಹೊಲವನ್ನು ವಿಷದ ತೊಟ್ಟಿಯನ್ನಾಗಿ ಮಾಡುವುದು ನಿಸರ್ಗ ರಕ್ಷಣೆಯಲ್ಲವೆಂದೂ ವಿರೋಧಿಗಳು ವಾದಿಸಿದರು. ಆ ವಾದವು ಯೋಜನೆಯನ್ನು ನಿಲ್ಲಿಸಲಿಲ್ಲ. 2022ರಲ್ಲಿ ಒಡ್ಡು ತೆರೆಯಿತು. ನಮ್ಮ ದೃಷ್ಟಿಯಲ್ಲಿ ಇದು ಒಡ್ಡನ್ನು ಮುಚ್ಚಿಡುವುದಕ್ಕೆ ಕಾರಣವಲ್ಲ. ಕಾರಖಾನೆಯ ಕೊಳವೆಯನ್ನು ಮುಚ್ಚುವುದಕ್ಕೆ ಕಾರಣ. ಆದರೂ ಆ ವಾದದಲ್ಲಿ ಸತ್ಯಾಂಶವೊಂದುಂಟು. ಕೆಳಗಿನ ದಂಡೆಯಲ್ಲಿ ಜೌಗನ್ನು ನಿರ್ಮಿಸುವ ಸರಕಾರಗಳು ಮೇಲಿನ ದಂಡೆಯಲ್ಲಿ ವಿಷವನ್ನು ಬಿಡಗೊಟ್ಟರೆ, ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಈಗ ಅಲ್ಲಿ ದಿನಕ್ಕೆರಡು ಸಲ ಉಬ್ಬರವು ಬಂದು ಹೋಗುತ್ತಿದೆ. ಹೂಳು ತಂಗುತ್ತಿದೆ, ನೀರು ತನ್ನ ಹಳ್ಳಗಳನ್ನು ತಾನೇ ಕೊರೆದುಕೊಳ್ಳುತ್ತಿದೆ. ಗಡಿಯ ಎರಡು ಕಡೆಯ ನೆಲವನ್ನೂ ಸಾಫ್ಟಿಂಗೆಯ ಜೌಗನ್ನೂ ಸೇರಿಸಿ ಗಡಿನಾಡಿನ ದೊಡ್ಡ ಉದ್ಯಾನವೊಂದನ್ನು ಬೆಳೆಸುವ ಪ್ರಯತ್ನವು ನಡೆದಿದೆ. ಪೂರ್ಣವಾದ ಜೌಗು ಬೆಳೆಯುವುದಕ್ಕೆ ಹಲವು ದಶಕಗಳು ಬೇಕು. ಆದುದರಿಂದ ಇದು ಸಫಲವೋ ವಿಫಲವೋ ಎಂಬ ತೀರ್ಪನ್ನು ಇಂದೇ ಕೊಡುವುದು ಅವಸರವಾದೀತು. ಸರಕಾರದ ನಡವಳಿಕೆಯ ಮೇಲಿನ ತೀರ್ಪಿಗೆ ಮಾತ್ರ ಅಷ್ಟು ಕಾಲ ಕಾಯಬೇಕಾಗಿಲ್ಲ.

ಈ ಪ್ರಸಂಗವು ನಮಗೇಕೆ ಎಂದು ಕೇಳುವವರಿಗೆ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯನ್ನು ನೆನಪಿಸುತ್ತೇವೆ. ಅಣೆಕಟ್ಟಿನ ಬಂಧನವಿಲ್ಲದೆ ಹರಿದು ಕುಮಟಾ ತಾಲೂಕಿನಲ್ಲಿ ಕಡಲನ್ನು ಸೇರುವ ಆ ನದಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮನ್ನಣೆಯು ದೊರೆತಿದೆ. ಅದರ ವಿಸ್ತಾರವು 4,801 ಹೆಕ್ಟೇರ್. ಅಲ್ಲಿಯ ದಂಡೆಗಳಲ್ಲಿ ಗಜನಿ ಭೂಮಿಯುಂಟು. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಒಡ್ಡಿನ ಒಳಗೆ ಕಗ್ಗ ಎಂಬ, ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಭತ್ತವನ್ನು ಬೆಳೆಯುವುದು. ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು ಮೀನು ಸೀಗಡಿಗಳನ್ನು ಹಿಡಿಯುವುದು—ಇದು ಅಲ್ಲಿಯ ರೈತರ ಹಳೆಯ ಪದ್ಧತಿ. ಇತ್ತ ಬಳಚು ಆಯ್ದು ಬದುಕುವ ಕುಟುಂಬಗಳೂ ಅದೇ ಅಳಿವೆಯನ್ನು ನಂಬಿವೆ. ಯೂರೋಪಿನವರು ಈಗ ಕೋಟ್ಯಂತರ ಹಣ ಸುರಿದು ಕಲಿಯುತ್ತಿರುವ ಪಾಠವನ್ನು, ಅಂದರೆ ಉಬ್ಬರದೊಡನೆ ಜಗಳವಾಡದೆ ಹೊಂದಿಕೊಂಡು ಬಾಳುವುದನ್ನು, ಕಗ್ಗದ ರೈತನು ಯಾವ ಶಾಸನವೂ ಇಲ್ಲದೆ ಬಲ್ಲವನಾಗಿದ್ದನು. ಆದರೆ ಸೀಗಡಿ ಸಾಕಣೆಯ ಆಸೆ, ಒಡ್ಡುಗಳ ದುರಸ್ತಿಯಲ್ಲಿನ ಅಲಕ್ಷ್ಯ, ಕೂಲಿಯ ಕೊರತೆ ಇವುಗಳಿಂದ ಅನೇಕ ಗಜನಿಗಳು ಬೇಸಾಯವನ್ನು ಕಳೆದುಕೊಂಡಿವೆ. ಕೆಲವು ಕಡೆ ಕಾಂಡ್ಲಾ ಗಿಡಗಳು ತಾವಾಗಿಯೇ ಬೆಳೆದು ನಿಂತಿವೆ.

ಆದುದರಿಂದ ನಮ್ಮಲ್ಲಿ ಎದ್ದಿರುವ ಪ್ರಶ್ನೆಯು ಹೆಡ್ವಿಗೆಯದರ ಪಡಿಯಚ್ಚಲ್ಲ. ಅಲ್ಲಿ ಹೊಲಕ್ಕೂ ಅಳಿವೆಗೂ ನಡುವೆ ಗೋಡೆಯಿತ್ತು, ಅದನ್ನು ಒಡೆಯಬೇಕಾಯಿತು. ಇಲ್ಲಿ ಎರಡಕ್ಕೂ ನಡುವೆ ಬಾಗಿಲಿತ್ತು. ಅದನ್ನು ತೆರೆಯುವ ಮುಚ್ಚುವ ಕಾಲವನ್ನು ರೈತನೇ ಅರಿತಿದ್ದನು. ರಾಮ್ಸಾರ್ ಮನ್ನಣೆಯ ಹೆಸರಿನಲ್ಲಿ ಗಜನಿಯ ರೈತನನ್ನೂ ಬಳಚು ಆಯುವವರನ್ನೂ ಹೊರಗಟ್ಟುವುದು ತಪ್ಪು. ಖಾರ್‌ಲ್ಯಾಂಡ್ ಒಡ್ಡುಗಳ ಹೆಸರಿನಲ್ಲಿ ಉಬ್ಬರವನ್ನು ಪೂರ್ತಿಯಾಗಿ ಮುಚ್ಚಿಹಾಕುವುದೂ ಅಷ್ಟೇ ತಪ್ಪು. ಎಲ್ಲಿ ಬೇಸಾಯವು ನಡೆಯಬಲ್ಲದೋ ಅಲ್ಲಿ ಕಗ್ಗಕ್ಕೆ ಬೆಂಬಲವಾಗಿ ಒಡ್ಡನ್ನೂ ಬಾಗಿಲನ್ನೂ ದುರಸ್ತಿ ಮಾಡಿಕೊಡಬೇಕು. ಎಲ್ಲಿ ಅದು ಕೈಬಿಟ್ಟು ಹೋಗಿದೆಯೋ ಅಲ್ಲಿ ಒಡೆಯರ ಸಮ್ಮತಿಯಿಂದ, ತಕ್ಕ ಪರಿಹಾರವನ್ನು ಕೊಟ್ಟು, ಕಾಂಡ್ಲಾವನಕ್ಕೂ ಮೀನಿಗೂ ನೆಲವನ್ನು ಬಿಡಬೇಕು. ಯಾವ ಗಜನಿಯು ಯಾವ ಬಗೆಗೆ ಸೇರಿದ್ದೆಂಬುದನ್ನು ಬೆಂಗಳೂರಿನ ಕಚೇರಿಯ ನಕಾಶೆಯಲ್ಲಿ ಗೆರೆಯೆಳೆದು ತೀರ್ಮಾನಿಸಲಾಗದು. ಒಡ್ಡಿನ ಮೇಲೆ ನಡೆದು, ಗ್ರಾಮಸಭೆಯಲ್ಲಿ ಕುಳಿತು, ಊರವರ ಮಾತು ಕೇಳಿ ತೀರ್ಮಾನಿಸಬೇಕು. 2013ರ ಭೂಸ್ವಾಧೀನ ಶಾಸನವು ನ್ಯಾಯವಾದ ಪರಿಹಾರ, ಪಾರದರ್ಶಕತೆ ಎಂಬ ಎರಡು ಮಾತುಗಳನ್ನು ತನ್ನ ಹೆಸರಿನಲ್ಲಿಯೇ ಹೊತ್ತಿದೆ. ಆ ಮಾತುಗಳು ನಿಸರ್ಗ ರಕ್ಷಣೆಗಾಗಿ ನೆಲ ಕೇಳುವಾಗಲೂ ಸಲ್ಲತಕ್ಕವು.

ಹೆಡ್ವಿಗೆಯಿಂದ ಕಲಿಯತಕ್ಕ ಅಂಶಗಳನ್ನು ನಾವು ಹೀಗೆ ಸಂಗ್ರಹಿಸುತ್ತೇವೆ. ನೆಲ ಕೇಳುವ ಮುಂಚೆ ಕಾರಣವನ್ನು ಹೇಳಬೇಕು. ಆ ಕಾರಣವು ನೆಲ ಕೊಡುವವನ ಬಾಳಿಗೂ ಮುಟ್ಟುವಂತಿರಬೇಕು. ಲಾಭ ಪಡೆಯುವವರು ಯಾರೆಂಬುದನ್ನು ಮರೆಮಾಚಬಾರದು. ಅವರಿಂದಲೇ ಪರಿಹಾರದ ಹೊರೆಯನ್ನು ಹೊರಿಸಬೇಕು. ಹೊಸ ಒಡ್ಡು ಎದ್ದುನಿಲ್ಲದೆ ಹಳೆಯ ಒಡ್ಡಿಗೆ ಗುದ್ದಲಿ ಹಾಕಬಾರದು. ಮೇಲಣ ದಂಡೆಯ ಮಲಿನವನ್ನು ತಡೆಯದೆ ಕೆಳಗಣ ದಂಡೆಯಲ್ಲಿ ಪಕ್ಷಿಧಾಮದ ಫಲಕ ನೆಡಬಾರದು. ಎಲ್ಲಕ್ಕೂ ಮಿಗಿಲಾಗಿ, ವಿಚಾರ ಮಾಡುವಷ್ಟು ಕಾಲ ಮಾಡಿ, ಒಮ್ಮೆ ನಿರ್ಧರಿಸಿದ ಮೇಲೆ ನಿಲ್ಲಬೇಕು.

ಕಡಲು ಏರುತ್ತಿರುವ ಈ ಶತಮಾನದಲ್ಲಿ ಕರಾವಳಿಯ ಪ್ರತಿಯೊಂದು ದೇಶವೂ ಒಂದಲ್ಲ ಒಂದು ದಿನ ಎಲ್ಲಿ ಒಡ್ಡನ್ನು ಏರಿಸಬೇಕು, ಎಲ್ಲಿ ಹಿಂದೆ ಸರಿಯಬೇಕು ಎಂಬುದನ್ನು ನಿಶ್ಚಯಿಸಲೇಬೇಕಾಗುವುದು. ಹಿಂದೆ ಸರಿಯುವುದು ಸೋಲಲ್ಲ. ಎಲ್ಲಿಗೆ ಸರಿಯಬೇಕೆಂಬುದನ್ನು ಮೊದಲೇ ಗೊತ್ತುಮಾಡದೆ ಇರುವುದೇ ಸೋಲು. ಆ ನಿಶ್ಚಯವನ್ನು ನಮ್ಮ ಅಧಿಕಾರಿಗಳು ರೈತನ ಎದುರಿಗೆ ಕುಳಿತು, ಹಗಲು ಬೆಳಕಿನಲ್ಲಿ ಮಾಡಲಿ. ಬಿರುಗಾಳಿಯು ಬಂದು ನಮ್ಮ ಪರವಾಗಿ ನಿಶ್ಚಯಿಸುವ ತನಕ ಕಾಯುವುದು ಆಡಳಿತವೆನಿಸಲಾರದು.